ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ನಮ್ಮ ಹಿತ್ತಿಲಿನ ನಿತ್ಯಪುಷ್ಪವನ್ನು ನೋಡಿರಲಿಲ್ಲ. ಬೇಲಿ ನುಗ್ಗಿದ ಆಡು ದಾಸವಾಳ ಬೋಳಿಸಿ, ಕರಿಬೇವಿನ ಕುಡಿ ಮುರಿದು, ಒಣಹಾಕಿದ್ದ ಅಜ್ಜಿಯ ಸೀರೆಯ ಸೆರಗನ್ನೂ ಜಗಿದು ನೋಡಿತು. ನಿತ್ಯಪುಷ್ಪಕ್ಕೆ ಮಾತ್ರ ಮೂಗು ತಾಗಿಸಿ ಹಿಂದೆ ಸರಿಯಿತು. ಎಲೆ ಅಷ್ಟು ಕಹಿ. ಒಡೆದ ಬಕೆಟ್ಟಿರಲಿ, ಬಚ್ಚಲ ಮೋರಿಯ ಸಂದಿರಲಿ, ಗೊಬ್ಬರ ಕೇಳದೆ ವರ್ಷವಿಡೀ ಹೂ ಬಿಡುವ ಗಿಡ ಅದು. ಪುಕ್ಕಟೆ ಸಿಗುವುದಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಬೇರೆ ಹೂ ಸಿಗದ ದಿನ ಮಾತ್ರ ಅಜ್ಜಿ ದೇವರಿಗೆ ಅದನ್ನು ಕೊಯ್ಯುತ್ತಿದ್ದಳು. ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ಅದರ ತವರು ಮಾತ್ರ ದೂರದ ಮಡಗಾಸ್ಕರ್.

ಆ ಗಿಡದ ಮೇಲೆ ನನಗೆ ಗೌರವ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಐದು ವರ್ಷದ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದು ಕೀಮೋ ಶುರುವಾಗಿತ್ತು. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್. ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಮಾಣ ಒಂದು ಮಿಲಿಗ್ರಾಮಿನ ಆಸುಪಾಸು. ಇದು ನಿತ್ಯಪುಷ್ಪದಿಂದ ತೆಗೆದದ್ದು ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕ, "ಅದಾ ಡಾಕ್ಟ್ರೇ? ನಮ್ಮ ಮೋರಿ ಪಕ್ಕ ರಾಶಿ ಬೆಳೆದಿದೆ!" ಎಂದಳು. ಅವರು ನಕ್ಕು, "ಮೋರಿ ಪಕ್ಕದ್ದು ಸಾಲೋಲ್ಲಮ್ಮ. ಒಂದು ಟನ್ ಒಣ ಎಲೆಗೆ ಕೆಲವೇ ಗ್ರಾಂ ಸಿಗೋದು" ಎಂದರು.

ಅಂಥ ಎಲೆಯಲ್ಲಿ ಔಷಧಿ ಇದೆಯೆಂದು ಕಂಡದ್ದೇ ಒಂದು ತಮಾಷೆ. 1952ರಲ್ಲಿ ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದ ರೋಗಿಯೊಬ್ಬರು ಒಂದಿಷ್ಟು ಎಲೆ ಕಳಿಸಿದರು. ಅಲ್ಲಿ ಸಕ್ಕರೆ ಕಾಯಿಲೆಗೆ ಅದರ ಕಷಾಯ ಕುಡಿಯುತ್ತಿದ್ದರು. ಈ ಕ್ಲಾರ್ಕ್‌ಗೂ ಸಕ್ಕರೆ ಕಾಯಿಲೆಗೂ ಹಳೇ ನಂಟು. 1921ರಲ್ಲಿ ಬ್ಯಾಂಟಿಂಗ್ ಇನ್ಸುಲಿನ್ ಹುಡುಕಲು ಹೊರಟಾಗ, ಅವರ ಸಹಾಯಕ್ಕೆ ಮೊದಲು ಯಾರು ಹೋಗಬೇಕೆಂದು ಚಾರ್ಲ್ಸ್ ಬೆಸ್ಟ್ ಮತ್ತು ಇವರು ನಾಣ್ಯ ಚಿಮ್ಮಿದರಂತೆ. ಗೆದ್ದ ಬೆಸ್ಟ್ ಚರಿತ್ರೆ ಸೇರಿದರು. ಸೋತವರ ಕೈಗೆ ಮೂವತ್ತು ವರ್ಷದ ಮೇಲೆ ಈ ಎಲೆ ಬಂತು. ಅದನ್ನವರು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ರಾಬರ್ಟ್ ನೋಬಲ್‌ಗೆ ದಾಟಿಸಿದರು.

ರಾಬರ್ಟ್ ಇಲಿಗಳಿಗೆ ಕಷಾಯ ಕುಡಿಸಿದರು. ಸಕ್ಕರೆ ಜಗ್ಗಲಿಲ್ಲ. ಸಾರವನ್ನು ಚುಚ್ಚಿ ನೋಡಿದರೆ ಇಲಿಗಳೇ ಸೋಂಕು ತಗುಲಿ ಸತ್ತವು. ಬೇರೆಯವರಾಗಿದ್ದರೆ ಪಂಜರ ತೊಳೆದಿಟ್ಟು ಮನೆಗೆ ಹೋಗುತ್ತಿದ್ದರೇನೋ. ರಾಬರ್ಟ್ ಸತ್ತ ಇಲಿಗಳ ರಕ್ತ ನೋಡಿದರು. ಬಿಳಿ ರಕ್ತಕಣಗಳು ಇಳಿದುಹೋಗಿದ್ದವು, ಅಸ್ಥಿಮಜ್ಜೆ ಬರಿದಾಗಿತ್ತು. ಬಿಳಿ ಕಣ ಮಿತಿಮೀರಿ ಬೆಳೆಯುವುದೇ ರೋಗವಾದವರಿಗೆ ಇದು ಮದ್ದಾಗಬಾರದೇಕೆ? 1958ರ ಹೊತ್ತಿಗೆ ಅವರೂ ಚಾರ್ಲ್ಸ್ ಬಿಯರ್ ಅವರೂ ಎಲೆಯಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದ್ದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಅವರ ತಂಡ ಅದೇ ಗಿಡವನ್ನು ಬೆನ್ನುಹತ್ತಿತ್ತು. ಅಲ್ಲಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಅದು ಮಾಡುವ ಕೆಲಸವೇನು? ಜೀವಕೋಶ ಒಡೆಯುವುದೆಂದರೆ ಅಣ್ಣತಮ್ಮಂದಿರ ಆಸ್ತಿ ಪಾಲಾದ ಹಾಗೆ. ಕ್ರೋಮೋಸೋಮುಗಳೆಲ್ಲ ನಡುವೆ ಸಾಲಾಗಿ ನಿಲ್ಲುತ್ತವೆ. ಎರಡು ತುದಿಗಳಿಂದ ಬರುವ ಹಗ್ಗಗಳು ಸಮಪಾಲು ಮಾಡಿ ಆಚೆಗೊಂದು ಈಚೆಗೊಂದು ಎಳೆದುಕೊಳ್ಳುತ್ತವೆ. ಸೂಕ್ಷ್ಮನಳಿಕೆಗಳೆಂಬ ಈ ಹಗ್ಗಗಳನ್ನು ಕೋಶ ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಹೊಸೆಯುತ್ತದೆ. ವಿನ್‌ಕ್ರಿಸ್ಟಿನ್ ಆ ಟ್ಯುಬುಲಿನ್‌ಗೇ ಅಂಟಿಕೊಂಡು ಹಗ್ಗ ಹೊಸೆಯಲು ಬಿಡುವುದಿಲ್ಲ. ಪಾಲೂ ಆಗದೆ, ಕೂಡಿಯೂ ಬಾಳಲಾಗದೆ ಕೋಶ ಅರ್ಧದಲ್ಲೇ ಸಾಯುತ್ತದೆ. ಅಮೆರಿಕದ ಯೂ ಮರದ ತೊಗಟೆಯಿಂದ ಬಂದ ಟ್ಯಾಕ್ಸಾಲ್‌ನ ವರಸೆ ಇದಕ್ಕೆ ತದ್ವಿರುದ್ಧ: ಹೊಸೆದ ಹಗ್ಗವನ್ನು ಬಿಚ್ಚಲು ಬಿಡುವುದಿಲ್ಲ. ಫಲ ಒಂದೇ.

ಒಡೆಯುವ ಚಪಲ ಕ್ಯಾನ್ಸರ್ ಕೋಶಕ್ಕೇ ಹೆಚ್ಚಾದ್ದರಿಂದ ಪೆಟ್ಟೂ ಅದಕ್ಕೇ ಹೆಚ್ಚು. ಆದರೆ ಕೂದಲ ಬುಡದ ಕೋಶಗಳೂ ಬೇಗ ಒಡೆಯುತ್ತವೆ. ಹುಡುಗನ ತಲೆ ಬೋಳಾಯಿತು. ನರಗಳ ಉದ್ದಕ್ಕೂ ಸಾಮಾನು ಸಾಗುವುದು ಇದೇ ನಳಿಕೆಗಳ ಮೇಲೆ. ಹಾಗಾಗಿ ಅವನ ಹೆಜ್ಜೆ ನೆಲಕ್ಕೆ ಪಟಪಟ ಬಡಿಯತೊಡಗಿತು, ಹೊಟ್ಟೆ ಕಟ್ಟಿತು, ಅಂಗಿಯ ಗುಂಡಿ ಬೆರಳಿಗೆ ಸಿಗದಾಯಿತು. "ಗುಂಡಿ ದೊಡ್ಡದು ಮಾಡಿಸಮ್ಮ" ಎಂದು ಅವನು, "ಪೆನ್ಸಿಲ್ ಹಿಡಿ ಸಾಕು" ಎಂದು ಅಕ್ಕ. ಕಾಲಕ್ರಮೇಣ ಬೆರಳು ಸರಿಹೋದವು.

1960ರ ಮೊದಲು ಈ ಕಾಯಿಲೆ ಬಂದ ಮಕ್ಕಳಲ್ಲಿ ಬದುಕಿ ಉಳಿದವರು ಅಪರೂಪ. ವಿನ್‌ಕ್ರಿಸ್ಟಿನ್ನನ್ನು ಬೇರೆ ಔಷಧಿಗಳ ಜೊತೆ ಸೇರಿಸಿ ಕೊಡುವುದು ಆ ದಶಕದಲ್ಲಿ ಶುರುವಾಯಿತು. ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಈಗ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮವನೂ ಉಳಿದ; ಈಗ ಕಾಲೇಜಿಗೆ ಚಕ್ಕರ್ ಹೊಡೆದು ಬೈಸಿಕೊಳ್ಳುತ್ತಾನೆ.

ಬೆಳಿಗ್ಗೆ ವಾಕಿಂಗ್ ಹೋಗುವವರಲ್ಲಿ ಕೆಲವರು 'ಶುಗರ್‌ಗೆ ಒಳ್ಳೇದು' ಎಂದು ಕಂಡವರ ಕಾಂಪೌಂಡಿನ ನಿತ್ಯಪುಷ್ಪದ ಎಲೆ ಕಿತ್ತು ಜಗಿಯುತ್ತಾರೆ. ಸ್ವಾಮಿ, ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತ ಪರೀಕ್ಷೆ ಮಾಡಿಸುತ್ತಾ ಕೊಡುವ ವಿಷ ಅದು. ಎಲೆಯಲ್ಲಿ ಇನ್ನೂ ಹತ್ತಾರು ಆಲ್ಕಲಾಯ್ಡ್‌ಗಳಿವೆ. ಯಾವುದು ಎಷ್ಟಿದೆ ಎಂದು ಅದರ ಮೇಲೆ ಬರೆದಿರುವುದಿಲ್ಲ. ಹೂ ಬೇಕಾದರೆ ದೇವರಿಗೆ ಏರಿಸಿ, ಎಲೆಯನ್ನು ಬಾಯಿಗೆ ಹಾಕಬೇಡಿ. ಸಕ್ಕರೆ ಹೆಚ್ಚಾಗಿದ್ದರೆ ಡಾಕ್ಟರಿಗೆ ತೋರಿಸಿ.