ನೀರು ಬಂದ ಹಾದಿಯಲ್ಲಿ ಬೆಳೆದ ಊರು

ವಿಜಯಪುರವನ್ನು ಮೊದಲು ಉಪ್ಪಲಿ ಬುರುಜಿನ ಮೇಲಿಂದ ನೋಡಬೇಕು. 1584ರಲ್ಲಿ ಕಟ್ಟಿದ ಈ ಬುರುಜಿನ ಎತ್ತರ ಸುಮಾರು 80 ಅಡಿ. ಮೆಟ್ಟಿಲುಗಳು ಅದರ ಹೊರಮೈಯನ್ನೇ ಬಳಸಿಕೊಂಡು ಏರುತ್ತವೆ. ತುದಿಯಲ್ಲಿ 30 ಅಡಿ ಉದ್ದದ ತೋಪು ಬಿಸಿಲಿಗೆ ಕಾದು ಬಿದ್ದಿದೆ. ಅದರ ಪಕ್ಕದಲ್ಲಿ ನಿಂತು ಸುತ್ತ ತಿರುಗಿದೆ. ಅಬ್ಬಾ, ನಾಲ್ಕು ಶತಮಾನಗಳು ಒಂದರೊಳಗೊಂದು ಕೂತಿವೆ!

ನಟ್ಟನಡುವೆ ಅರಕಿಲ್ಲಾ, ಅಂದರೆ ಒಳಕೋಟೆ. ಊರಿನ ತೀರ ಹಳೆಯ ಭಾಗ ಅದೇ. ಅಲ್ಲಿರುವ 1320ರ ಕರೀಮುದ್ದೀನ್ ಮಸೀದಿಯ ಕಂಬಗಳು ಗುಡಿಗಳಿಂದ ಬಂದವು. ಸುಲ್ತಾನರಿಗಿಂತ ಹಿಂದಿನ ಊರಿನ ಗುರುತು ಆ ಕೆತ್ತನೆಯಲ್ಲಿ ಇನ್ನೂ ಉಳಿದಿದೆ. ಮುಂದೆ ಆದಿಲಶಾಹಿ ಸುಲ್ತಾನರು ಇಲ್ಲೇ ಅರಮನೆ ಕಟ್ಟಿದರು. ಗಗನಮಹಲಿನ ಆ ಭಾರೀ ಕಮಾನು 1561ರದು. ತಾಳಿಕೋಟೆ ಯುದ್ಧ ಗೆದ್ದ ಮೇಲೆ ಅಲಿ ಆದಿಲ್ ಶಾ ಹೊರಗಿನ ಕೋಟೆಗೋಡೆ ಎಬ್ಬಿಸಿದ. ಒಬ್ಬೊಬ್ಬ ಸರದಾರನಿಗೆ ಗೋಡೆಯ ಒಂದೊಂದು ಭಾಗ ವಹಿಸಿದ್ದನಂತೆ. ಅದಕ್ಕೇ ಒಂದು ಬುರುಜಿನಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಸುತ್ತಳತೆ ಹತ್ತು ಕಿಲೋಮೀಟರ್.

ಗೋಡೆಯೇನೋ ಎದ್ದಿತು. ಒಳಗಿನ ಜನಕ್ಕೆ ನೀರು? ಮಳೆ ಕಡಿಮೆ, ಹತ್ತಿರ ದೊಡ್ಡ ಹೊಳೆಯಿಲ್ಲ. ನನ್ನ ಮಟ್ಟಿಗೆ ಈ ಊರಿನ ನಿಜವಾದ ಕಥೆ ಇಲ್ಲಿಂದ ಶುರು. ಪಡುವಣದ ತೊರವಿಯಿಂದ, ಅಂದರೆ ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಅದೇ ಊರಿನಿಂದ, ನೆಲದಡಿ ಸುರಂಗ ಕೊರೆದು ನೀರು ತಂದರು. ಸುರಂಗಕ್ಕೆ ಗಾಳಿ ಬೆಳಕು ಬರಲು, ಹೂಳೆತ್ತಲು ಉದ್ದಕ್ಕೂ ಬಾವಿಗಳನ್ನು ತೋಡಿದರು. ಆ ತೊರವಿಯ ಬಳಿಯೇ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾ ನವರಸಪುರವೆಂಬ ಹೊಸ ರಾಜಧಾನಿಗೆ ಕೈಹಾಕಿದ. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ವಿಜಯಪುರದ ಗೋಡೆಯೊಳಗಿನ ತಾಜ್ ಬಾವಡಿ ಎಂಬ ಬಾವಿ ಮಾತ್ರ ಉಳಿಯಿತು. ಅರಮನೆಯ ಹೆಬ್ಬಾಗಿಲಿಗೆ ಒಪ್ಪುವಂಥ ಕಮಾನು ದಾಟಿದರೆ ಮೆಟ್ಟಿಲು ನೀರಿಗಿಳಿಯುತ್ತದೆ. ಬಾವಿಗೆ ಇಷ್ಟು ಗೌರವ ಕೊಟ್ಟ ಊರು ಇನ್ನೊಂದನ್ನು ನಾನು ಕಂಡಿಲ್ಲ.

1651ರಲ್ಲಿ ದಕ್ಷಿಣಕ್ಕೆ ಬೇಗಂ ತಾಲಾಬ್ ಆಯಿತು. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನೀರು ಹೊರಟು, ದಾರಿಯಲ್ಲಿ ಸಿಗುವ ‘ಗಂಜ್’ ಎಂಬ ಗೋಪುರಗಳನ್ನೇರಿ ಇಳಿದು ಊರು ಸೇರುತ್ತಿತ್ತು. ಏರಿದಲ್ಲಿ ಕೊಳವೆ ಒಡೆಯದಂತೆ ಒತ್ತಡ ತಗ್ಗುತ್ತಿತ್ತು, ಕೆಸರು ತಳಕ್ಕೆ ಕೂರುತ್ತಿತ್ತು. ಪಂಪಿಲ್ಲ, ಯಂತ್ರವಿಲ್ಲ, ನೆಲದ ಇಳಿಜಾರೊಂದೇ ಬಂಡವಾಳ!

ಇದರ ಬೆನ್ನಿಗೇ, 1656ರ ಹೊತ್ತಿಗೆ, 44 ಮೀಟರ್ ಅಗಲದ ಗೋಳಗುಮ್ಮಟ ಮುಗಿಯಿತು. ಬಾರಾ ಕಮಾನ್ ಎಂಬ ಇನ್ನೊಂದು ಸಮಾಧಿ ಅರ್ಧಕ್ಕೇ ನಿಂತಿತು. 1686ರಲ್ಲಿ ಔರಂಗಜೇಬ ಊರನ್ನು ಗೆದ್ದ. ಕಟ್ಟುವ ಕಾಲ ಮುಗಿಯಿತು. 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರ ಇಲ್ಲಿಗೆ ಬಂದಾಗ ಹಳೆಯ ಮಹಲುಗಳಲ್ಲೇ ಕಚೇರಿಗಳು ತೆರೆದವು.

ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಸ್ಸು ಹತ್ತುವವರೇ ಹೆಚ್ಚು. ದಯವಿಟ್ಟು ಒಂದು ಗಂಜ್ ಎಲ್ಲಿದೆಯೆಂದು ಕೇಳಿಕೊಂಡು ಹೋಗಿ ನೋಡಿ. ಗುಮ್ಮಟ ಕಟ್ಟಿದ ಕೆಲಸಗಾರರು ಕುಡಿದದ್ದೂ ಇಂಥ ದಾರಿಗಳಲ್ಲಿ ಬಂದ ನೀರನ್ನೇ.