ಅರವತ್ತು ಎಲೆಗಳ ಯಂತ್ರ

ಈ ವರ್ಷದ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಆಗ್ರಹಪಡಿಸಿದಾಗ, ವಾಡಿಕೆಯಂತೆ ಹಳಗನ್ನಡದ ಯಾವುದಾದರೊಂದು ಕಾವ್ಯಭಾಗವನ್ನು ಕುರಿತು ನಾಲ್ಕು ಪುಟ ಬರೆದುಕೊಟ್ಟು ಋಣಮುಕ್ತನಾಗೋಣವೆಂದುಕೊಂಡಿದ್ದೆನು. ಆದರೆ ಕಳೆದ ಮಳೆಗಾಲದಿಂದ ನನ್ನ ಮನಸ್ಸನ್ನು ಆವರಿಸಿಕೊಂಡಿರುವ ವಿಷಯವೇ ಬೇರೆ. ಅದು ಇಸ್ಪೀಟಿನಂಥ ಒಂದು ಎಲೆಯಾಟ. ಪಂಡಿತನಾದವನು ಇದನ್ನು ಬರೆಯಬಹುದೇ ಎಂದು ಹುಬ್ಬೇರಿಸುವ ಸಹೋದ್ಯೋಗಿಗಳಲ್ಲಿ ಮೊದಲೇ ಕ್ಷಮೆ ಬೇಡುತ್ತೇನೆ.

ಬನಶಂಕರಿ ಎರಡನೆಯ ಹಂತದ ನಮ್ಮ ಮನೆಯಲ್ಲಿ ನಾವು ಮೂವರು. ಮಗನು ಪದವಿಪೂರ್ವ ಎರಡನೆಯ ವರ್ಷದ ವಿದ್ಯಾರ್ಥಿ. ಒಂದು ಸಂಜೆ ಅವನ ಮೇಜಿನ ಮೇಲೆ ಬಣ್ಣಬಣ್ಣದ ಎಲೆಗಳ ಪೆಟ್ಟಿಗೆಯೊಂದನ್ನು ಕಂಡೆನು. ಅವನ್ನು ಅವನು ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಗಳಿಸಿದ ಹಣದಿಂದ ಕೊಂಡಿದ್ದನೆಂಬುದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಕೋಪವೊಂದೇ. "ಪರೀಕ್ಷೆ ಹತ್ತಿರ ಬಂದಿರುವಾಗ ಮನೆಯೊಳಗೆ ಜೂಜು ತಂದೆಯಾ?" ಎಂದು ಗದರಿ, ಪೆಟ್ಟಿಗೆಯನ್ನು ಎತ್ತಿ ಹೊರಜಗಲಿಯ ಮೇಲಿಟ್ಟೆನು. ಆ ರಾತ್ರಿ ಮಳೆ ಸುರಿಯಿತು. ಬೆಳಗ್ಗೆ ನೋಡಿದರೆ ಹನ್ನೊಂದು ಎಲೆಗಳು ನೆನೆದು, ಉಬ್ಬಿ, ಕೆಲಸಕ್ಕೆ ಬಾರದಂತಾಗಿದ್ದವು. ಹುಡುಗನು ಒಂದು ಮಾತೂ ಆಡಲಿಲ್ಲ. ಅವುಗಳನ್ನು ವಾರ್ತಾಪತ್ರಿಕೆಯ ಮೇಲೆ ಹರಡಿ ಒಣಗಿಸಿಕೊಂಡನು, ಅಷ್ಟೆ. ಅಲ್ಲಿಂದ ಮೂರು ವಾರ ನಮ್ಮಿಬ್ಬರ ನಡುವಿನ ಸಂಭಾಷಣೆ "ಹೂಂ" ಎಂಬ ಒಂದೇ ಅವ್ಯಯದಲ್ಲಿ ಮುಗಿಯುತ್ತಿತ್ತು. ಮನೆಯವರು ಇಬ್ಬರ ತಟ್ಟೆಗಳಿಗೂ ಮುದ್ದೆ ಬಡಿಸಿ ತಾವೂ ಸುಮ್ಮನಿರುತ್ತಿದ್ದರು.

ಆಟದ ಹೆಸರು 'ಮ್ಯಾಜಿಕ್: ದ ಗ್ಯಾದರಿಂಗ್'. ರಿಚರ್ಡ್ ಗಾರ್‌ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞನು ರಚಿಸಿದ ಇದು 1993ರಲ್ಲಿ ಪ್ರಕಟವಾಯಿತು. ಇಸ್ಪೀಟಿಗೂ ಇದಕ್ಕೂ ಇರುವ ಅಂತರವೇನೆಂದರೆ, ಇಲ್ಲಿ ಕಟ್ಟು ಎಲ್ಲರಿಗೂ ಒಂದೇ ಅಲ್ಲ. ಸಾವಿರಾರು ಬಗೆಯ ಎಲೆಗಳಿಂದ ಆಯ್ದು, ಕನಿಷ್ಠ ಅರವತ್ತು ಎಲೆಗಳ ತನ್ನದೇ ಕಟ್ಟನ್ನು ಆಟಗಾರನು ಮನೆಯಲ್ಲಿಯೇ ರಚಿಸಿಕೊಂಡು ಹೋಗಬೇಕು. ಮೂಲಭೂಮಿಗಳ ಹೊರತು ಯಾವುದೇ ಎಲೆ ನಾಲ್ಕಕ್ಕಿಂತ ಹೆಚ್ಚಿರಬಾರದು. ಮೊದಲು ಕೈಗೆ ಏಳು ಎಲೆ; ಇಬ್ಬರಿಗೂ ಇಪ್ಪತ್ತಿಪ್ಪತ್ತು ಪ್ರಾಣ. ಪ್ರತಿ ಎಲೆಯ ಮೇಲೂ ಅದು ಮಾಡುವ ಕೆಲಸವನ್ನು ಸೂತ್ರಪ್ರಾಯವಾದ ಎರಡು ಮೂರು ವಾಕ್ಯಗಳಲ್ಲಿ ಅಚ್ಚು ಹಾಕಿರುತ್ತಾರೆ. ಆ ವಾಕ್ಯಗಳೇ ನನ್ನನ್ನು ಕೊನೆಗೆ ಸಿಕ್ಕಿಸಿಕೊಂಡವು.

ಒಂದು ರಾತ್ರಿ ಮಗನು ದೂರವಾಣಿಯಲ್ಲಿ ಗೆಳೆಯನೊಡನೆ ವಾದಿಸುತ್ತಿದ್ದುದು ಕಿವಿಗೆ ಬಿದ್ದಿತು. ವಾದವು ಒಂದು ವಾಕ್ಯದಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಕುರಿತದ್ದು. ಮೂವತ್ತು ವರ್ಷ ವಾಕ್ಯಗಳನ್ನು ಬಿಡಿಸಿಯೇ ಅನ್ನ ತಿಂದವನು ಹೇಗೆ ಸುಮ್ಮನಿರಲಿ? ಅವನ ಕೋಣೆಯ ಬಾಗಿಲಲ್ಲಿ ನಿಂತು, "ಆ ಎಲೆಯನ್ನು ಸ್ವಲ್ಪ ತೋರಿಸಪ್ಪಾ" ಎಂದೆನು. ಅವನು ಬಹಳ ಹೊತ್ತು ನನ್ನ ಮುಖವನ್ನು ನೋಡಿ, ಅನಂತರ ಕೊಟ್ಟನು.

ಅವನು ಕಟ್ಟುತ್ತಿದ್ದದ್ದು 'ಆರ್ಟಿಫ್ಯಾಕ್ಟ್' ಎಂಬ ಜಾತಿಯ ಎಲೆಗಳ ಕಟ್ಟು: ಖಡ್ಗ, ಕುಲುಮೆ, ಹಾರುವ ಯಂತ್ರ ಮೊದಲಾದ ಮಾನವನಿರ್ಮಿತ ವಸ್ತುಗಳು. 1994ರಲ್ಲಿ ಬಂದ 'ಆಂಟಿಕ್ವಿಟೀಸ್' ಎಂಬ ಸಂಪುಟವು ಇಂಥ ವಸ್ತುಗಳ ಸುತ್ತಲೇ ಹೆಣೆದದ್ದಂತೆ. ಉರ್ಜಾ, ಮಿಶ್ರಾ ಎಂಬ ಅಣ್ಣತಮ್ಮಂದಿರು ಯಂತ್ರಗಳನ್ನು ಮಾಡಿ ಕಾದಾಡಿದ ಕಥೆ ಅದರ ಹಿನ್ನೆಲೆ. ದಾಯಾದಿ ಮತ್ಸರವಿಲ್ಲದ ದೇಶವೇ ಇಲ್ಲವೆಂದು ತೋರುತ್ತದೆ.

ಮಗನ ಕಟ್ಟಿನ ಮರ್ಮ ಮೂರು ಎಲೆಗಳಲ್ಲಿತ್ತು. ಮೊದಲನೆಯದು 2009ರ 'ಥಾಪ್ಟರ್ ಫೌಂಡ್ರಿ': ಒಂದು ಶಕ್ತಿಯನ್ನು ತೆತ್ತು ಒಂದು ವಸ್ತುವನ್ನು ಬಲಿಕೊಟ್ಟರೆ ಪುಟ್ಟ ಹಾರುಯಂತ್ರವೊಂದು ಹುಟ್ಟುತ್ತದೆ, ಒಂದು ಪ್ರಾಣವೂ ಲಭಿಸುತ್ತದೆ. ಎರಡನೆಯದು 2007ರ 'ಸೋರ್ಡ್ ಆಫ್ ದ ಮೀಕ್': ಹಾರುಯಂತ್ರದಂಥ ಒಂದಕ್ಕೊಂದು ಬಲದ ಜೀವಿ ಹುಟ್ಟಿದಾಗ ಈ ಖಡ್ಗವು ರುದ್ರಭೂಮಿಯಿಂದೆದ್ದು ಬರಬಹುದು. ಮೂರನೆಯದು 2004ರ 'ಕ್ರಾರ್ಕ್-ಕ್ಲಾನ್ ಐರನ್‌ವರ್ಕ್ಸ್': ಯಾವ ವಸ್ತುವನ್ನು ಈ ಕಾರ್ಖಾನೆಗೆ ಒಪ್ಪಿಸಿದರೂ ಎರಡು ಶಕ್ತಿ. ಈಗ ನೋಡಿ. ಒಂದು ಶಕ್ತಿ ತೆತ್ತು ಖಡ್ಗವನ್ನು ಬಲಿಕೊಟ್ಟರೆ ಹಾರುಯಂತ್ರ ಹುಟ್ಟಿತು. ಅದು ಹುಟ್ಟಿದ್ದರಿಂದ ಖಡ್ಗ ಮರಳಿತು. ಹಾರುಯಂತ್ರವನ್ನು ಕಾರ್ಖಾನೆಗೆ ಹಾಕಿದರೆ ಎರಡು ಶಕ್ತಿ. ಬಂಡವಾಳ ಒಂದು, ಕೈಗೆ ಬಂದದ್ದು ಎರಡು, ಮೇಲೊಂದು ಪ್ರಾಣ. ಹೀಗೆ ಎಷ್ಟು ಸಲವಾದರೂ ಸುತ್ತಬಹುದು. ಮಿಗುವ ಶಕ್ತಿಯಿಂದ ಬೇಕಾದಷ್ಟು ಹಾರುಯಂತ್ರಗಳನ್ನು ಮಾಡಿ ಉಳಿಸಿಕೊಂಡು, ಮುಂದಿನ ಸರದಿಯಲ್ಲಿ ಎದುರಾಳಿಯ ಮೇಲೆ ಬಿಡಬಹುದು. ನನಗೆ ಕೇಶಿರಾಜನ ಸಂಧಿಪ್ರಕರಣ ನೆನಪಾಯಿತು. ಒಂದು ಲೋಪ, ಒಂದು ಆಗಮ, ಒಂದು ಆದೇಶ. ಆದರೆ ಇಲ್ಲಿ ಲೋಪವಾದದ್ದು ಮರಳಿ ಬರುತ್ತದೆ!

ಗೆಳೆಯನ ಆಕ್ಷೇಪಣೆ ಇದು: ಹಾರುಯಂತ್ರ ಹುಟ್ಟುವುದೂ ಖಡ್ಗ ಬಲಿಯಾಗುವುದೂ ಏಕಕಾಲದಲ್ಲಿ, ಆ ಕ್ಷಣ ಖಡ್ಗ ರುದ್ರಭೂಮಿಯಲ್ಲಿಲ್ಲ, ಆದ್ದರಿಂದ ಮರಳಲಾರದು. ನಾನು ಎಲೆಯನ್ನು ದೀಪದ ಕೆಳಗೆ ಹಿಡಿದು ಓದಿದೆನು. ವಾಕ್ಯದ ನಡುವೆ ಎರಡು ಚುಕ್ಕೆಗಳ ವಿವರಣ ಚಿಹ್ನೆಯಿತ್ತು. "ಚಿಹ್ನೆಗೆ ಮುಂಚಿನದಕ್ಕೂ ಅನಂತರದ್ದಕ್ಕೂ ಆಟದ ನಿಯಮದಲ್ಲಿ ಭೇದವಿದೆಯೇ?" ಎಂದು ಕೇಳಿದೆನು. ಮುಂಚಿನದು ತೆರಬೇಕಾದ ಬೆಲೆ, ಅನಂತರದ್ದು ಫಲ ಎಂದನು. "ಹಾಗಾದರೆ ಕನ್ನಡದಲ್ಲಿ ಇದನ್ನು 'ಬಲಿಕೊಟ್ಟು ಸೃಷ್ಟಿಸು' ಎನ್ನಬೇಕು. ಕೊಟ್ಟು ಎಂಬುದು ಕೃದಂತಾವ್ಯಯ, ಮುಗಿದ ಕ್ರಿಯೆ. ಬೆಲೆ ತೆರದೆ ಫಲವಿಲ್ಲ. ಯಂತ್ರವು ಹುಟ್ಟುವ ಹೊತ್ತಿಗೆ ಖಡ್ಗ ರುದ್ರಭೂಮಿಯಲ್ಲಿ ಕಾದು ಕುಳಿತಿರುತ್ತದೆ. ನೀನು ಹೇಳಿದ್ದೇ ಸರಿ" ಎಂದೆನು. ಹುಡುಗನ ಮುಖ ಅರಳಿತು. ಅದೇ ಉತ್ಸಾಹದಲ್ಲಿ, ಖಡ್ಗವೇ ಸಿಗದಿದ್ದರೆ ಹಾರುಯಂತ್ರವನ್ನೇ ಮತ್ತೆ ಬಲಿಕೊಡುತ್ತೇನೆಂದನು. ಎಲೆಯ ಮೇಲೆ 'ನಾನ್‌ಟೋಕನ್' ಎಂದಿತ್ತು. ಸಾಂಕೇತಿಕವಲ್ಲದ ವಸ್ತು ಎಂದರ್ಥ, ಹಾರುಯಂತ್ರವೋ ಸಾಂಕೇತಿಕ. ನಿಷೇಧವಾಚಕವಾದ ಪೂರ್ವಪದವನ್ನು ಬಿಟ್ಟು ಸಮಾಸವನ್ನು ಓದಬಾರದೆಂದು ನಾನು ತರಗತಿಯಲ್ಲಿ ಹೇಳುವಂತೆಯೇ ಹೇಳಿದೆನು. ಎರಡೇ ಇಡಬೇಕೆಂದಿದ್ದ ಖಡ್ಗ ಹೀಗೆ ನಾಲ್ಕಾಯಿತು.

ಆದರೆ ನಾಲ್ಕು ಎಲ್ಲಿದ್ದವು? ಮಳೆಯಲ್ಲಿ ನೆನೆದ ಹನ್ನೊಂದರಲ್ಲಿ ಖಡ್ಗಗಳೇ ಮೂರು. ಅದನ್ನು ಅವನು ಹೇಳಲಿಲ್ಲ. ಡಬ್ಬಿಯಲ್ಲಿ ಎಣಿಸಿ ನಾನೇ ಕಂಡುಕೊಂಡೆನು.

ಶ್ರೀಮನ್ಮಹಾರಾಜ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಗಂಜೀಫ಼ಾ ಎಲೆಗಳ ವಿಷಯವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೆಮ್ಮೆಯಿಂದ ಹೇಳುವುದುಂಟು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಹದಿಮೂರು ಬಗೆಯ 'ಚದ'ಗಳ ವರ್ಣನೆಯಿದೆ. ಕೆಲವಕ್ಕೆ ಹದಿನೆಂಟು ಬಣ್ಣಗಳು, ಕಟ್ಟಿನಲ್ಲಿ ಮುನ್ನೂರ ಅರವತ್ತರವರೆಗೆ ಎಲೆಗಳು. ದುಂಡಾದ ಎಲೆಯ ಮೇಲೆ ಕೈಯಿಂದ ಬರೆದ ಚಿತ್ರ. ದಶಾವತಾರದ ಗಂಜೀಫ಼ಾದಲ್ಲಿ ನೂರ ಇಪ್ಪತ್ತು ಎಲೆ. ಅವುಗಳಲ್ಲಿ ಅರ್ಧದಷ್ಟು ಅವತಾರಗಳಿಗೆ ಸಂಖ್ಯೆಗಳ ತಾರತಮ್ಯವೇ ತಲೆಕೆಳಗು. ಆ ಕಲೆಯನ್ನು ನಮ್ಮ ಕಾಲದಲ್ಲಿ ಬದುಕಿಸಿದವರು ಗಂಜೀಫ಼ಾ ರಘುಪತಿ ಭಟ್ಟರು. ಇಷ್ಟೆಲ್ಲ ಬಲ್ಲವನು ಸ್ವಂತ ಮಗನ ಕೈಯ ಎಲೆಯನ್ನು ಜೂಜೆಂದು ಜಗಲಿಗೆ ಹಾಕಿದೆನಲ್ಲಾ! ರಾಜರು ಆಡಿದರೆ ಕೌತುಕ, ಮಗನು ಆಡಿದರೆ ಜೂಜು. ಈ ವ್ಯಾಕರಣವನ್ನು ನನಗೆ ಯಾವ ಗುರುವೂ ಕಲಿಸಿರಲಿಲ್ಲ.

ಹಾಳಾದ ಎಲೆಗಳನ್ನು ನಾನೇ ಬರೆದುಕೊಡುವೆನೆಂದೆನು. ಅಧಿಕೃತ ಪಂದ್ಯಗಳಲ್ಲಿ ಇಂಥ ಪ್ರತಿಗಳು ನಡೆಯವು. ಗೆಳೆಯರ ನಡುವಿನ ಆಟಕ್ಕೆ ಅಡ್ಡಿಯಿಲ್ಲವಂತೆ. ಹೇಗೂ ಅವನ ಕಾರ್ಖಾನೆಯ ಎಲೆಯು 'ಮಾಡರ್ನ್' ವರ್ಗದ ಪಂದ್ಯಗಳಲ್ಲಿ 2019ರ ಜನವರಿಯಿಂದ ನಿಷಿದ್ಧ. ಜಯನಗರ ನಾಲ್ಕನೆಯ ಬ್ಲಾಕಿನಿಂದ ದಪ್ಪ ಕಾಗದವನ್ನೂ ಕಪ್ಪು ಶಾಯಿಯನ್ನೂ ತಂದು ನಾಲ್ಕು ರಾತ್ರಿ ಕುಳಿತೆನು. 'ಲೈಬ್ರರಿ'ಗೆ ಭಂಡಾರ, 'ಗ್ರೇವ್‌ಯಾರ್ಡ್'ಗೆ ರುದ್ರಭೂಮಿ ಸುಲಭವಾಗಿ ಒದಗಿದವು. 'ಸೋರ್ಡ್ ಆಫ್ ದ ಮೀಕ್' ವಿನೀತಖಡ್ಗವಾಯಿತು. ಆದರೆ 'ಆರ್ಟಿಫ್ಯಾಕ್ಟ್' ಎಂಬುದಕ್ಕೇನು? ಪ್ರಾಚ್ಯವಸ್ತು ಎಂದರೆ ಸಂಗ್ರಹಾಲಯದ ವಾಸನೆ. ಕರಕುಶಲವಸ್ತು ಎಂದರೆ ಗಂಧದ ಆನೆ ನೆನಪಾಗುತ್ತದೆ. ಧಾತ್ವರ್ಥವನ್ನು ಹಿಡಿದು 'ಕೃತಕ' ಎಂದು ಸೂಚಿಸಿದೆನು. "ಪ್ಲಾಸ್ಟಿಕ್ ಹೂವಿನ ಹಾಗೆ ಕೇಳಿಸುತ್ತೆ ಅಪ್ಪಾಜಿ. ಸಾಮಾನು ಅಂತ ಬರೀರಿ" ಎಂದನು. ಮೂರು ನಿಘಂಟುಗಳನ್ನು ಮಗುಚಿದ ಬಳಿಕ 'ಸಾಮಾನು' ಎಂದೇ ಬರೆದೆನು.

ಲೆಕ್ಕದ ಭಾಗವೆಲ್ಲ ಅವನದು. ನಾಲ್ಕು ಪ್ರತಿಗಳಿರುವ ಒಂದು ಎಲೆ ಮೊದಲ ಏಳರಲ್ಲಿ ಬರುವ ಸಂಭವ ನೂರಕ್ಕೆ ಸುಮಾರು ನಲವತ್ತು. ಮೂರು ಎಲೆಗಳೂ ಒಟ್ಟಿಗೆ ಬರುವುದು ನೂರಕ್ಕೆ ಐದಕ್ಕೂ ಕಡಿಮೆ. ಆದುದರಿಂದ ಹುಡುಕಿಕೊಡುವ ಎಲೆಗಳು ಬೇಕು. ಭಂಡಾರದಿಂದ ಬೇಕಾದ ಸಾಮಾನನ್ನು ತೆಗೆಸಿಕೊಡುವ 'ಫ್ಯಾಬ್ರಿಕೇಟ್' ನಾಲ್ಕು ಹಾಕಿದನು. 'ಥರ್ಸ್ಟ್ ಫಾರ್ ನಾಲೆಜ್' ಎಂಬ ಇನ್ನೊಂದು ಮೂರು ಎಲೆಗಳನ್ನು ಕೊಡುತ್ತದೆ. ಪ್ರತಿಯಾಗಿ ಎರಡು ಎಲೆಗಳನ್ನು, ಇಲ್ಲವೇ ಸಾಮಾನಾದರೆ ಒಂದನ್ನೇ ಬಿಸುಡಬೇಕು. ಖಡ್ಗವನ್ನೇ ಬಿಸುಟರೆ ನಷ್ಟವೇನು, ಅದು ಹೇಗೂ ಏಳುತ್ತದೆ! ಜ್ಞಾನತೃಷೆ ಎಂದು ಅದಕ್ಕೆ ನಾನಿಟ್ಟ ಹೆಸರನ್ನು ಅವನು ಮರುಮಾತಿಲ್ಲದೆ ಒಪ್ಪಿದನು.

ಒಂದು ಭಾನುವಾರ, "ನೀವೂ ಬರ್ತೀರಾ?" ಎಂದು ಕೇಳಿದನು. ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ, ಅಲ್ಲಿಂದ 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದಲ್ಲಿ ಬಿ.ಟಿ.ಎಂ. ಬಡಾವಣೆಗೆ ಹೋದೆವು. ಕಾಫಿ ಅಂಗಡಿಯೊಂದರ ಮಹಡಿಯಲ್ಲಿ ಹತ್ತಾರು ಹುಡುಗರು. ಕನ್ನಡ ಬಾರದ ಹುಡುಗನೊಬ್ಬನು ನನ್ನ ಕೈಬರಹದ ಎಲೆಯನ್ನು ಓದಿಸಿ, ಮತ್ತೊಮ್ಮೆ ಓದಿರೆಂದನು. ಮೊದಲ ಆಟದ ಆರನೆಯ ಸರದಿಯಲ್ಲಿ ಮೂರೂ ಎಲೆಗಳು ಕೂಡಿದವು. ಮಗನು ಒಂದು ಸುತ್ತನ್ನು ತೋರಿಸಿ, "ಹೀಗೇ ಸಾವಿರ ಸಲ" ಎಂದನು. ಎದುರಾಳಿ ನಕ್ಕು ಕೈಚೆಲ್ಲಿದನು.

ಎರಡನೆಯದರಲ್ಲಿ ಆ ಹುಡುಗನು 'ಸ್ಟೋನಿ ಸೈಲೆನ್ಸ್' ಎಂಬ ಎಲೆಯನ್ನಿಟ್ಟನು. ಅದು ಮೇಜಿನ ಮೇಲಿರುವಷ್ಟು ಕಾಲ ಸಾಮಾನುಗಳ ಈ ಕಾರ್ಯಗಳನ್ನು ಯಾರೂ ನಡೆಸುವಂತಿಲ್ಲ. ಫೌಂಡ್ರಿ ನಿಂತಿತು, ಕಾರ್ಖಾನೆ ನಿಂತಿತು, ನನ್ನ ವಿನೀತಖಡ್ಗ ಬಿದ್ದಲ್ಲೇ ಬಿದ್ದಿತ್ತು. ಆ ಆಟವೂ ಮೂರನೆಯದೂ ಕೈಬಿಟ್ಟವು.

ಹಿಂದಿರುಗುವಾಗ ರೈಲಿನಲ್ಲಿ ಅವನು, "ಅಪ್ಪಾಜಿ, ಸ್ಟೋನಿ ಸೈಲೆನ್ಸ್‌ಗೆ ಕನ್ನಡದಲ್ಲಿ ಏನಂತೀರಿ?" ಎಂದನು. ಕೂಡಲೇ ಉತ್ತರ ಹೊಳೆಯಲಿಲ್ಲ. ರಾಗಿಗುಡ್ಡ ನಿಲ್ದಾಣ ದಾಟಿದ ಮೇಲೆ "ಕಲ್ಮೌನ" ಎಂದೆನು. ಅವನು ಎರಡು ಸಲ ಹೇಳಿ ನೋಡಿದನು.

"ಅದನ್ನ ಮುರಿಯೋ ಎಲೆ ಎರಡಾದರೂ ಹಾಕಬೇಕು" ಎಂದನು. "ಬರೆದುಕೊಡ್ತೀರಾ?"

ಕಾಗದ ಮಿಕ್ಕಿತ್ತು. ಆ ರಾತ್ರಿಯೇ ಬರೆದುಕೊಟ್ಟೆನು.