ಅಕ್ಕನ ಶೇಕಡಾ 72

ಜನವರಿ ಬಂತೆಂದರೆ ನಮ್ಮಂಥ ಗುಮಾಸ್ತರ ಮೇಜಿಗೆ ಎಳ್ಳು-ಬೆಲ್ಲದ ಜೊತೆಗೆ ಲೆಕ್ಕಪತ್ರ ವಿಭಾಗದ ಸುತ್ತೋಲೆಯೂ ಬರುತ್ತದೆ. ವಿಮೆಯ ರಸೀದಿ, ಮನೆ ಸಾಲದ ಪತ್ರ, ಮಕ್ಕಳ ಫೀಜಿನ ಚೀಟಿ ಎಲ್ಲವನ್ನೂ ಇಂಥ ತಾರೀಖಿನೊಳಗೆ ಒಪ್ಪಿಸತಕ್ಕದ್ದು. ತಪ್ಪಿದರೆ ಸಂಬಳದಲ್ಲಿ ತೆರಿಗೆ ಹಿಡಿಯಲಾಗುವುದು. ನಮ್ಮ ಸಂಘದಲ್ಲಿ ನೌಕರಿಯವರೇ ಹೆಚ್ಚಾದ್ದರಿಂದ ಈ ಬಗೆಯ ಸಂಕ್ರಾಂತಿಯನ್ನು ಯಾರಿಗೂ ವರ್ಣಿಸಬೇಕಾಗಿಲ್ಲ. ಆ ಫಾರಮಿನಲ್ಲಿ 80ಸಿ ಎಂಬ ದೊಡ್ಡ ಪಟ್ಟಿ ಮುಗಿದ ಮೇಲೆ, ಹೆಚ್ಚಿನವರು ಓದದೆಯೇ ಗೀಟು ಎಳೆದುಬಿಡುವ ಸಾಲೊಂದಿರುತ್ತದೆ. ಅದು 80ಡಿಡಿ.

1961ರ ಆದಾಯ ತೆರಿಗೆ ಕಾಯ್ದೆಯ ಈ ಕಲಮು ಹೇಳಿದ್ದು ಇಷ್ಟು. ಅಂಗವೈಕಲ್ಯವುಳ್ಳ ಅವಲಂಬಿತರನ್ನು ಸಾಕುವವರು ತಮ್ಮ ಆದಾಯದಿಂದ 75,000 ರೂಪಾಯಿ ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಬಹುದು. ವೈಕಲ್ಯ ಶೇಕಡಾ 80 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ 1,25,000. ಶೇಕಡಾ 40ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 2015ರ ಬಜೆಟ್ಟಿಗೆ ಮುಂಚೆ ಈ ಮೊತ್ತಗಳು ಐವತ್ತು ಸಾವಿರ ಮತ್ತು ಒಂದು ಲಕ್ಷ ಇದ್ದವು. ಔಷಧಿಯ ಬಿಲ್ಲುಗಳನ್ನು ಕೂಡಿಸಿ ತೋರಿಸುವ ಗೋಜಿಲ್ಲ. ಖರ್ಚು ಎಷ್ಟಾದರೂ ಕಳೆಯುವ ಮೊತ್ತ ಒಂದೇ. ಅವಲಂಬಿತರೆಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು. ಅತ್ತೆ ಮಾವ ಈ ಪಟ್ಟಿಯಲ್ಲಿಲ್ಲ. ನಮ್ಮ ಪಕ್ಕದ ಮೇಜಿನ ಮಿತ್ರರೊಬ್ಬರು ಪಾರ್ಶ್ವವಾಯು ಬಡಿದ ಅತ್ತೆಯನ್ನು ನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡು ನೋಡಿದರು. ಕಾಯ್ದೆಯ ಕಣ್ಣಿಗೆ ಆಕೆ ಅವರಿಗೆ ಯಾರೂ ಅಲ್ಲ. ಮಗಳಾದ ಅವರ ಹೆಂಡತಿ ಕಳೆಯಬಹುದಿತ್ತು. ಆದರೆ ಆಕೆಗೆ ಸಂಬಳವಿಲ್ಲ.

ನಾವು ಈ ಸಾಲನ್ನು ಆರು ವರ್ಷ ತುಂಬಿದೆವು, ನಮ್ಮ ಅಕ್ಕನ ಹೆಸರಿನಲ್ಲಿ.

ಅಕ್ಕ ನಮಗಿಂತ ಆರು ವರ್ಷ ದೊಡ್ಡವಳು. ಒಂಬತ್ತನೆಯ ವಯಸ್ಸಿನಲ್ಲಿ ಮೆದುಳುಜ್ವರ ಬಂದು ಹೋಯಿತು. ಹೋಗುವಾಗ ಎರಡೂ ಕಿವಿಗಳನ್ನು ಕೊಂಡೊಯ್ದಿತು. ಆಗ ನಮಗೆ ಮೂರು ವರ್ಷ. ಹಾಗಾಗಿ ಕಿವಿ ಕೇಳುತ್ತಿದ್ದ ಅಕ್ಕನನ್ನು ನಾವು ಕಂಡಿದ್ದೇವೆಂದು ಹೇಳುವಂತಿಲ್ಲ. ಮಾತು ಬಂದ ಮೇಲೆ ಕಿವಿ ಹೋದದ್ದರಿಂದ ಮಾತು ಉಳಿಯಿತು. ಏಳನೆಯ ಕ್ಲಾಸಿನವರೆಗೆ ಓದಿ, ಹೊಲಿಗೆ ಕಲಿತು, ತಿಪಟೂರಿನಲ್ಲಿ ಅಮ್ಮನ ಜೊತೆಗಿದ್ದಳು. 2017ರಲ್ಲಿ ಅಮ್ಮ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರದೊಂದಿಗೆ ಮುಂಬಯಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಳು.

ಅಕ್ಕ ಕೇಳುವುದು ಕಣ್ಣಿನಿಂದ, ತುಟಿಗಳ ಚಲನೆಯನ್ನು ನೋಡಿ. ಅದೂ ಕನ್ನಡದಲ್ಲಿ ಮಾತ್ರ. ತಿಪಟೂರಿನಲ್ಲಿ ಅವಳಿಗೆ ಒಂದು ಕೊರತೆಯಿತ್ತು. ಮುಂಬಯಿಯಲ್ಲಿ ಅದು ಎರಡಾಯಿತು. ತರಕಾರಿಯವನ ತುಟಿ ಹಿಂದಿ, ಎದುರು ಮನೆಯವರ ತುಟಿ ಮರಾಠಿ, ಮಕ್ಕಳ ಗೆಳೆಯರ ತುಟಿ ಇಂಗ್ಲಿಷು. ನಮ್ಮ ಮಕ್ಕಳಿಬ್ಬರೂ ಇಲ್ಲಿಯೇ ಹುಟ್ಟಿದವರು. ಮೂರು ಭಾಷೆಯನ್ನು ಒಂದೇ ತುತ್ತಿನಲ್ಲಿ ಕಲಸುತ್ತಿದ್ದರು. ಅಕ್ಕ ಬಂದ ಮೇಲೆ ಆ ಕಲಸುಮೇಲೋಗರ ನಡೆಯಲಿಲ್ಲ. ಒಂದು ಪದ ಅತ್ತಿತ್ತಲಾದರೆ, “ಏನಂದೆ? ನೆಟ್ಟಗೆ ಹೇಳು,” ಎಂದು ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಳ್ಳುತ್ತಿದ್ದಳು. ಸಂಘದ ರಾಜ್ಯೋತ್ಸವ ಭಾಷಣ ಸ್ಪರ್ಧೆಯಲ್ಲಿ ನಮ್ಮ ಮಗಳಿಗೆ ಬಹುಮಾನ ಬಂದಾಗ ಹಲವರು ನಮ್ಮನ್ನು ಅಭಿನಂದಿಸಿದರು. ಅದರಲ್ಲಿ ನಮ್ಮ ಪಾಲು ಕಡಿಮೆ.

ಇನ್ನು ಸರ್ಟಿಫಿಕೇಟಿನ ಕಥೆ. ನಿಯಮದ ಪ್ರಕಾರ ಅರ್ಜಿ ಹಾಕಬೇಕಾದದ್ದು ವಾಸದ ಜಿಲ್ಲೆಯ ವೈದ್ಯಾಧಿಕಾರಿಗೆ, ಇಲ್ಲವೇ ಅದೇ ತೊಂದರೆಗೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಗೆ. ಅಕ್ಕನ ಆಧಾರಿನಲ್ಲಿ ತಿಪಟೂರು, ಅಕ್ಕ ಮುಂಬಯಿಯಲ್ಲಿ, ಚಿಕಿತ್ಸೆ ಎಲ್ಲಿಯೂ ಇಲ್ಲ. ಊರು ಬಿಟ್ಟು ಬಂದ ಮನೆಗಳಲ್ಲಿ ವಯಸ್ಸಾದವರ ಕಾಗದಪತ್ರವೆಲ್ಲ ಊರಿನಲ್ಲಿಯೇ ಉಳಿದಿರುತ್ತದೆ. ಮೊದಲು ವಿಳಾಸ ಬದಲಾಗದೆ ಮುಂದಿನ ಹೆಜ್ಜೆಯಿಲ್ಲ. ಅದಕ್ಕೇ ತಿಂಗಳುಗಳು ಹೋದವು. ಕೊನೆಗೆ 2019ರಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತೆವು. ನಾವು ಅಕ್ಕನತ್ತ ತಿರುಗಿ, “ಇಲ್ಲಿ ಸಹಿ ಮಾಡು,” ಎಂದೆವು. “ಎಲ್ಲೋ, ಇಲ್ಲಾ?” ಎಂದಳು ಅಕ್ಕ. ಕಿಟಕಿಯಾಚೆಯ ಮಹಾಶಯರು ಪೆನ್ನು ಕೆಳಗಿಟ್ಟರು. ಈಕೆಗೆ ಕೇಳಿಸುತ್ತದೆಯಲ್ಲ, ಉತ್ತರ ಕೊಡುತ್ತಿದ್ದಾರಲ್ಲ ಎಂದು ಹಿಂದಿಯಲ್ಲಿ ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ನಲವತ್ತೈದು ವರ್ಷ ಅಭ್ಯಾಸ ಮಾಡಿ ಗಳಿಸಿದ ವಿದ್ಯೆ ಆ ದಿನ ಮೋಸದ ಪುರಾವೆಯಾಗಿ ಕಂಡಿತು. ಅಕ್ಕನಿಗೆ ಅವರ ಹಿಂದಿ ತುಟಿ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

ಒಳಗೆ ಶ್ರವಣ ಪರೀಕ್ಷೆ ಮಾಡಿದ ಹುಡುಗಿ ತಾಳ್ಮೆಯವಳು. ಕಿವಿಗೆ ಶಬ್ದ ಬಿಟ್ಟು, ಕೇಳಿದಾಗ ಬೆರಳೆತ್ತುವ ಪರೀಕ್ಷೆ ಮೊದಲು. ಆಮೇಲೆ ‘ಬೆರಾ’ ಎಂಬ ಇನ್ನೊಂದು. ಇದರಲ್ಲಿ ರೋಗಿ ಉತ್ತರ ಹೇಳಬೇಕಾಗಿಲ್ಲ. ತಲೆಗೆ ತಂತಿ ಅಂಟಿಸಿ, ಕಿವಿಯಲ್ಲಿ ಟಕಟಕ ಶಬ್ದ ಮಾಡಿ, ಮೆದುಳಿನ ಬುಡದವರೆಗೆ ಸುದ್ದಿ ತಲುಪಿತೇ ಎಂದು ಯಂತ್ರವೇ ಬರೆದುಕೊಳ್ಳುತ್ತದೆ. ಸುಳ್ಳು ಹೇಳುವವರಿಗಾಗಿ ಹುಟ್ಟಿದ್ದಲ್ಲ ಇದು, ಹಸುಗೂಸುಗಳಿಗೂ ಮಾಡುತ್ತಾರೆ. ಆದರೂ ಅಕ್ಕನ ಮಾತಿಗಿಂತ ತಂತಿಯ ಮಾತಿಗೆ ಬೆಲೆ ಬಂದದ್ದು ನಮಗೆ ಹಿತವಾಗಲಿಲ್ಲ. ನಮ್ಮ ಹಳೆಯ ಬಿ.ಎಸ್ಸಿ. ಅಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು. ಕಾಯ್ದೆ ಕೇಳುವುದು ಕನಿಷ್ಠ 60 ಡೆಸಿಬೆಲ್ ನಷ್ಟ. ಅರವತ್ತು ಎಂದರೆ ನೂರಕ್ಕೆ ಅರವತ್ತು ಎಂದು ನಮ್ಮ ಮನೆಯವರು ತಿಳಿದಿದ್ದರು. ಡೆಸಿಬೆಲ್ ಲಾಗರಿದಮ್ಮಿನ ಅಳತೆ. ಪ್ರತಿ ಹತ್ತಕ್ಕೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಅರವತ್ತು ಡೆಸಿಬೆಲ್ ಕಳೆದುಕೊಂಡವರಿಗೆ ನಮಗೆ ಕೇಳುವ ಅತಿ ಸಣ್ಣ ಸದ್ದು ಕೇಳಬೇಕಾದರೆ ಅದು ಹತ್ತು ಲಕ್ಷ ಪಟ್ಟು ಜೋರಾಗಬೇಕು. ಅಕ್ಕನದು ಅದಕ್ಕೂ ಮೇಲೆ. ಅಂತೂ ಶೇಕಡಾ 72 ಎಂದು ಶಾಶ್ವತ ಸರ್ಟಿಫಿಕೇಟು ಬಂತು. ಜ್ವರ ಬಂದ ನಲವತ್ತೈದು ವರ್ಷಕ್ಕೆ ಅಕ್ಕ ಸರ್ಕಾರಿ ಲೆಕ್ಕದಲ್ಲಿ ಕಿವುಡಿಯಾದಳು.

ನಿಜವಾದ ತಕರಾರು ಹುಟ್ಟಿದ್ದು ಮನೆಯಲ್ಲಿ. ಅಕ್ಕ ಕಾಗದ ನೋಡದೆ ಸಹಿ ಹಾಕುವವಳಲ್ಲ. ಫಾರಮಿನಲ್ಲಿರುವುದನ್ನು ಕನ್ನಡದಲ್ಲಿ ಬರೆದುಕೊಡು ಎಂದಳು; ಬರೆದುಕೊಟ್ಟೆವು. ‘ಅವಲಂಬಿತೆ’ ಎಂಬಲ್ಲಿ ಬೆರಳಿಟ್ಟು, “ನಾನು ನಿಮ್ಮ ಮೇಲೆ ಬಿದ್ದಿದೀನೇನೋ?” ಎಂದಳು. ಅವಳ ದನಿ ಯಾವಾಗಲೂ ಒಂದೇ ಮಟ್ಟದ್ದು. ಕೋಪವೋ ಪ್ರಶ್ನೆಯೋ ಎಂಬುದನ್ನು ಮುಖ ನೋಡಿಯೇ ತಿಳಿಯಬೇಕು. ಅವಳು ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟುತ್ತಾಳೆ. ಕಟ್ಟಡದ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ, ರವಿಕೆ ಹೊಲಿದು ತಿಂಗಳಿಗೆ ಎರಡು ಮೂರು ಸಾವಿರ ದುಡಿಯುತ್ತಾಳೆ. ಕಾಯ್ದೆಯ ಮಾತು ‘ಪೂರ್ಣವಾಗಿ ಅಥವಾ ಮುಖ್ಯವಾಗಿ’ ಅವಲಂಬಿತರು ಎಂದು. ಎರಡು ಕಾಸು ಸಂಪಾದಿಸಬಾರದು ಎಂದೇನೂ ಇಲ್ಲ. ಇದನ್ನು ನಾವು ಆಫೀಸಿನ ಟಿಪ್ಪಣಿಯ ಧಾಟಿಯಲ್ಲಿ ವಿವರಿಸಲು ಹೊರಟಾಗ ನಮ್ಮ ಮನೆಯವರು ಅಡ್ಡ ಬಂದರು. “ಅತ್ತಿಗೆ, ಅದು ಸರ್ಕಾರದ ಭಾಷೆ. ನೀವಿಲ್ಲದಿದ್ದರೆ ನಾನು ಸ್ಕೂಲಿಗೆ ಲೋಕಲ್ ಹಿಡಿಯೋದು ಹೇಗೆ? ನಾವೇ ನಿಮ್ಮ ಮೇಲೆ ಬಿದ್ದಿರೋದು. ಆದರೆ ಅದಕ್ಕೆ ಅವರು ಫಾರಂ ಮಾಡಿಲ್ಲ.” ಅಕ್ಕ ನಕ್ಕಳೋ ಇಲ್ಲವೋ, ಸಹಿಯಂತೂ ಹಾಕಿದಳು.

ಎರಡನೆಯ ತಕರಾರು ಬೆಂಗಳೂರಿನಿಂದ. ಅಣ್ಣ ಅಕ್ಕನಿಗಾಗಿ ತಿಂಗಳಿಗೆ ಎರಡು ಸಾವಿರ ಕಳಿಸುತ್ತಿದ್ದ. ಅವನ ಆಡಿಟರು ಈ ಕಲಮು ತೋರಿಸಿದ್ದರು. “ನಾನೂ ನೋಡ್ಕೊತಾ ಇಲ್ವೇನಪ್ಪಾ? ಒಂದು ವರ್ಷ ನೀನು, ಒಂದು ವರ್ಷ ನಾನು ಹಾಕಿಕೊಳ್ಳೋಣ,” ಎಂದ. ನ್ಯಾಯವಾಗಿ ಕಂಡರೂ ಕಾಯ್ದೆಗೆ ಅದು ಹೊಂದುವುದಿಲ್ಲ. ಮುಖ್ಯವಾಗಿ ಯಾರ ಆಶ್ರಯದಲ್ಲಿದ್ದಾರೆ ಎಂಬುದು ಸರದಿಯ ಮೇಲೆ ಬದಲಾಗುವ ಸಂಗತಿಯಲ್ಲ. ಹಾಗೆಂದು ಹೇಳಿದ್ದಕ್ಕೆ ಅವನು ಎರಡು ಹಬ್ಬ ಫೋನು ಮಾಡಲಿಲ್ಲ. ಅವನ ದುಃಖ ಹಣದ್ದಲ್ಲ ಎಂದು ನಮಗೆ ಆಮೇಲೆ ಹೊಳೆಯಿತು. ಅಕ್ಕನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಸರ್ಕಾರದ ಕಾಗದದಲ್ಲಿ ಒಂದೇ ಹೆಸರು ಬಂದಿತ್ತು, ಅದು ಅವನದಾಗಿರಲಿಲ್ಲ.

ಇಷ್ಟೆಲ್ಲ ಮಾಡಿ ದಕ್ಕಿದ್ದೆಷ್ಟು? 75,000 ಕೈಗೆ ಬರುತ್ತದೆಂದು ತಿಳಿದವರಿದ್ದಾರೆ. ಅದು ಆದಾಯದಿಂದ ಕಳೆಯುವ ಮೊತ್ತ. ನಾವು ಶೇಕಡಾ 20ರ ತೆರಿಗೆಯಲ್ಲಿದ್ದೆವು. ಸೆಸ್ಸು ಸೇರಿ ಉಳಿದದ್ದು ವರ್ಷಕ್ಕೆ 15,600. ಶೇಕಡಾ 30ರಲ್ಲಿರುವ ಸಾಹೇಬರಿಗಾದರೆ ಇದೇ ಕಿವುಡಿಗೆ 23,400 ಉಳಿಯುತ್ತದೆ. ತಿಪಟೂರಿನಲ್ಲಿ ತೆಂಗಿನ ತೋಟದ ಕೂಲಿಯಿಂದ ಬದುಕುವ ನಮ್ಮ ದಾಯಾದಿಯೊಬ್ಬರ ಮಗಳೂ ಅಕ್ಕನಂತೆಯೇ. ಅವರು ತೆರಿಗೆ ಕಟ್ಟುವಷ್ಟು ದುಡಿಯುವುದಿಲ್ಲವಾದ್ದರಿಂದ ಅವರಿಗೆ ಸೊನ್ನೆ. ಬೆರಾ ಯಂತ್ರ ಅಳೆಯುವುದು ಅಕ್ಕನ ಕಿವಿಯನ್ನು, 80ಡಿಡಿ ಅಳೆಯುವುದು ತಮ್ಮನ ಸಂಬಳವನ್ನು. ಇದು ನಮಗೆ ಸರಿಕಂಡಿಲ್ಲ.

ಆ 15,600 ಯಾರದು ಎಂಬುದನ್ನು ನಮ್ಮ ಮನೆಯವರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸರಿಯಾಗಿ 1,300. 2020ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಅಕ್ಕನ ಹೆಸರಿಗೆ ಐದು ವರ್ಷದ ಆರ್.ಡಿ. ತೆರೆದೆವು. ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು, ಊರಿಗೆಲ್ಲ ಮಾಸ್ಕು ಬಂತು. ಅಕ್ಕನ ಪಾಲಿಗೆ ಲೋಕದ ತುಟಿಗಳೆಲ್ಲ ಒಂದೇ ದಿನ ಮುಚ್ಚಿಹೋದವು. ನಾಲ್ಕು ದಿನ ಮಂಕಾಗಿ ಕುಳಿತವಳು ಐದನೆಯ ದಿನ ಯಂತ್ರದ ಮುಂದೆ ಕುಳಿತು, ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿಯಿಟ್ಟು ಮಾಸ್ಕು ಹೊಲಿದಳು. ಉಸಿರಿನ ಹಬೆಯಿಂದ ಕಿಟಕಿ ಮಂಜಾಗುತ್ತಿತ್ತು. ಆದರೂ ನಾವು ನಾಲ್ವರೂ ಅದನ್ನೇ ಹಾಕಿಕೊಂಡು ಓಡಾಡಿದೆವು.

ಸರ್ಟಿಫಿಕೇಟಿನಿಂದ ತೆರಿಗೆಗಿಂತ ದೊಡ್ಡ ಉಪಕಾರವಾದದ್ದು 2021ರಲ್ಲಿ. ನಮ್ಮನ್ನು ನಾಗಪುರಕ್ಕೆ ವರ್ಗ ಮಾಡಿದ ಆದೇಶ ಬಂತು. ಅಂಗವಿಕಲ ಮಕ್ಕಳ ಪಾಲನೆ ಮಾಡುವ ಕೇಂದ್ರ ನೌಕರರನ್ನು ಸರದಿ ವರ್ಗಾವಣೆಯಿಂದ ಬಿಡಬೇಕೆಂದು 2014ರಲ್ಲಿ ಸಿಬ್ಬಂದಿ ಇಲಾಖೆಯ ಆದೇಶವಾಗಿತ್ತು. 2018ರಲ್ಲಿ ಅದನ್ನು ಗಂಡ-ಹೆಂಡತಿ, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಹಿಗ್ಗಿಸಿದ್ದರು. ಆಡಳಿತಕ್ಕೆ ಅಡಚಣೆಯಾಗದಿದ್ದರೆ ಎಂಬ ಬಾಲವೂ ಅದಕ್ಕಿದೆ. ಅದೃಷ್ಟಕ್ಕೆ ಅಡಚಣೆಯಾಗಲಿಲ್ಲ. ಸದಸ್ಯರಲ್ಲಿ ಕೇಂದ್ರ ನೌಕರರು ಈ ಎರಡು ಇಸವಿಗಳನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ರೈಲಿನ ರಿಯಾಯಿತಿ ಮಾತ್ರ ಅಕ್ಕನಿಗೆ ಸಿಗಲಿಲ್ಲ. ಕಿವುಡು, ಮೂಗತನ ಎರಡೂ ಒಬ್ಬರಲ್ಲಿಯೇ ಇರಬೇಕಂತೆ. ಅಕ್ಕ ಮಾತಾಡುತ್ತಾಳೆ, ನಮ್ಮೆಲ್ಲರಿಗಿಂತ ಹೆಚ್ಚಾಗಿಯೇ.

ಈಗ ಹೊಸ ಸಂಗತಿ. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದರ ಕಡಿಮೆ, ಆದರೆ 80ಡಿಡಿ ಇಲ್ಲ. 2023-24ರಿಂದ, ನಾವು ಬೇಡವೆಂದು ಹೇಳದಿದ್ದರೆ ಅದೇ ಅನ್ವಯ. 2025ರ ಬಜೆಟ್ಟಿನಲ್ಲಿ ಆ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವೆಂದಾಯಿತು. ಸಂಬಳದವರಿಗೆ 75,000ದ ಕಡಿತ ಸೇರಿ 12,75,000. ಗುಮಾಸ್ತರಾದ ನಾವು ಆ ಗೆರೆಯ ಒಳಗೇ ಇದ್ದೇವೆ. ಕಟ್ಟುವ ತೆರಿಗೆಯೇ ಇಲ್ಲದ ಮೇಲೆ ಕಳೆಯುವುದು ಯಾವುದರಿಂದ? ಹಳೆಯ ಪದ್ಧತಿಯಲ್ಲೇ ಉಳಿದು ಹೆಚ್ಚು ತೆರಿಗೆಯವರಾಗಿರುವವರು, ಅಥವಾ ಹೊಸದರಲ್ಲಿ ಗೆರೆ ದಾಟಿದವರು, ಎರಡೂ ಲೆಕ್ಕ ಹಾಕಿ ನೋಡಬೇಕು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಹೊಸ ಕಾಯ್ದೆಯಾಗಿ ಕಲಮುಗಳ ನಂಬರೂ ಬದಲಾಗಿರುವುದರಿಂದ, ಹಳೆಯ ನಂಬರನ್ನೇ ಹಿಡಿದು ಕೂರುವಂತಿಲ್ಲ.

ಅಕ್ಕನ ಆರ್.ಡಿ. 2025ರ ಜನವರಿಯಲ್ಲಿ ಮುಗಿದು 94 ಸಾವಿರದಷ್ಟು ಬಂತು. ಅದನ್ನು ಅವಳ ಹೆಸರಿನಲ್ಲಿಯೇ ಠೇವಣಿ ಇಟ್ಟು, ಇನ್ನೊಂದು ಆರ್.ಡಿ. ತೆರೆದೆವು, ಅದೇ 1,300ಕ್ಕೆ. ತೆರಿಗೆ ಉಳಿಯುವುದು ನಿಂತಿತೆಂದು ತಿಳಿದ ದಿನ ಅಕ್ಕ, “ಹಾಗಾದ್ರೆ ದುಡ್ಡು ಎಲ್ಲಿಂದ?” ಎಂದು ಕೇಳಿದಳು. ನಾವು ಉತ್ತರ ಹುಡುಕುವುದರೊಳಗೆ ಹೊಲಿಗೆಯ ಡಬ್ಬಿಯಿಂದ ಏಳುನೂರು ಎಣಿಸಿಟ್ಟಳು. ಅಂದಿನಿಂದ ಏಳುನೂರು ಅವಳದು, ಆರುನೂರು ನಮ್ಮದು.

ಅಣ್ಣನೂ ಹೊಸ ಪದ್ಧತಿಗೆ ಬಂದಿದ್ದಾನೆ. ಯಾರ ಹೆಸರಿನಲ್ಲಿ ಎಂಬ ಮಾತು ಈಗ ಏಳುವುದಿಲ್ಲ. ಬೇಸಿಗೆಗೆ ಅಕ್ಕನನ್ನು ಒಂದು ತಿಂಗಳು ಕಳಿಸು ಎಂದು ಫೋನು ಮಾಡಿದ್ದ. ಅಕ್ಕ ಒಪ್ಪಿದ್ದಾಳೆ, ಹೊಲಿಗೆ ಯಂತ್ರ ಜೊತೆಗೆ ಬರಬೇಕೆಂಬ ಷರತ್ತಿನ ಮೇಲೆ. ಅದನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಡಬ್ಬಿಗೆ ಹತ್ತಿಸುವುದು ಹೇಗೆಂದು ಯೋಚಿಸುತ್ತಿದ್ದೇವೆ.